ಜಾಬ್ ಕಾರ್ಡಿನಲ್ಲಿ ಇಲ್ಲದ ದೋಷ

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯ ಅಡಿಕೆ ಬೆಳೆಗಾರ. ಒಂಬತ್ತು ತಿಂಗಳ ಹಿಂದೆ ಹುಬ್ಬಳ್ಳಿಯ ಶೋರೂಮೊಂದರಲ್ಲಿ ಸುಮಾರು 14 ಲಕ್ಷ ರೂಪಾಯಿಯ ಹೊಸ ಡೀಸೆಲ್ ಕಾರು ಕೊಂಡೆ. ಬಹುಪಾಲು ಬ್ಯಾಂಕಿನ ಸಾಲ. ಇದುವರೆಗೆ 8,000 ಕಿ.ಮೀ. ಓಡಿದೆ. ಎರಡನೇ ತಿಂಗಳಿನಿಂದಲೇ ಎರಡು ತೊಂದರೆಗಳು ಕಾಡುತ್ತಿವೆ. ಘಟ್ಟ ಹತ್ತುವಾಗ ಒಮ್ಮೊಮ್ಮೆ ಇಂಜಿನ್ ದೀಪ ಹೊತ್ತಿಕೊಂಡು ಪಿಕಪ್ ಪೂರ್ತಿ ಬಿದ್ದುಹೋಗುತ್ತದೆ. ಗಾಡಿ ನಿಲ್ಲಿಸಿ, ಬಂದ್ ಮಾಡಿ, ಮತ್ತೆ ಚಾಲೂ ಮಾಡಿದರೆ ಸರಿಯಾಗುತ್ತದೆ. ಇನ್ನೊಂದು, 60-70ರ ವೇಗದಲ್ಲಿ ಎಕ್ಸಲರೇಟರ್ ಒತ್ತಿದಾಗ ಸ್ಟೇರಿಂಗ್ ಮತ್ತು ನೆಲ ನಡುಗುತ್ತದೆ. ಐದು ಸಲ ವರ್ಕ್‌ಶಾಪಿಗೆ ಒಯ್ದಿದ್ದೇನೆ. ‘ಸಾಫ್ಟ್‌ವೇರ್ ಹಾಕಿದ್ದೇವೆ’, ‘ನೀವು ಓಡಿಸುವ ರೀತಿ ಹಾಗಿದೆ’, ‘ಈ ಮಾಡೆಲ್ ಇರುವುದೇ ಹೀಗೆ’ ಎಂಬ ಉತ್ತರ ಬಿಟ್ಟರೆ ಏನೂ ಸಿಕ್ಕಿಲ್ಲ. ಕಾರನ್ನೇ ಬದಲಾಯಿಸಿಕೊಡಿ ಎಂದು ಕೇಳುವ ಹಕ್ಕು ನನಗಿದೆಯೇ? ಅಲ್ಲಿಯವರೆಗೆ ಸಾಲದ ಕಂತು ನಿಲ್ಲಿಸಬಹುದೇ? ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕಾಗಿದೆ, ಧೈರ್ಯ ಬರುತ್ತಿಲ್ಲ.

ಉತ್ತರ: ಮಾನ್ಯರೇ, ಪತ್ರದ ಜೊತೆ ನೀವು ಕಳಿಸಿದ ಐದು ಜಾಬ್ ಕಾರ್ಡುಗಳ (ಗಾಡಿ ಒಯ್ದಾಗಲೆಲ್ಲ ದೂರನ್ನೂ ಮಾಡಬೇಕಾದ ಕೆಲಸವನ್ನೂ ಬರೆದು ವರ್ಕ್‌ಶಾಪಿನವರು ಸಹಿ ಪಡೆಯುವ ಕಾಗದ) ನಕಲುಗಳನ್ನು ಪತ್ರಕ್ಕಿಂತ ಮೊದಲು ಓದಿದೆ. ಇಂಥ ವಿಷಯಗಳಲ್ಲಿ ಅದು ನನ್ನ ಹಳೆಯ ಅಭ್ಯಾಸ. ದೇವಿಮನೆ ಘಟ್ಟದಲ್ಲಿ ರಾತ್ರಿ ಹೊತ್ತು, ಹಿಂದೆ ಲಾರಿ ಬರುತ್ತಿದ್ದಾಗ, ಗಾಡಿ ಎರಡನೇ ಗೇರಿನಲ್ಲೂ ಎಳೆಯದೆ ಹೋಯಿತೆಂದು ಪತ್ರದಲ್ಲಿ ವಿವರವಾಗಿ ಬರೆದಿದ್ದೀರಿ. ಅದಾದ ನಾಲ್ಕು ದಿನಗಳಿಗೆ ತೆರೆದ ಜಾಬ್ ಕಾರ್ಡಿನಲ್ಲಿ ಇರುವುದು ಮೂರೇ ಮಾತು: ‘ಜನರಲ್ ಚೆಕಪ್, ಸಾಫ್ಟ್‌ವೇರ್ ಅಪ್‌ಡೇಟ್, ವಾಟರ್ ವಾಶ್’. ಐದರಲ್ಲಿ ಎರಡು ಕಾರ್ಡುಗಳು ಪಿಕಪ್ಪಿನ ಸುದ್ದಿಯನ್ನೇ ಎತ್ತುವುದಿಲ್ಲ. ನಡುಕದ ಪ್ರಸ್ತಾಪ ಒಂದೇ ಒಂದು ಕಡೆ, ಅದೂ ‘ಸಣ್ಣ ಶಬ್ದ’ ಎಂದು. ನಿಮ್ಮನ್ನಾಗಲಿ ನಿಮ್ಮ ಕಾರನ್ನಾಗಲಿ ಎಂದೂ ನೋಡದ ಒಬ್ಬರು ಈ ಐದು ಕಾಗದಗಳನ್ನು ಮಾತ್ರ ಓದಿದರೆ, ಈ ಗಾಡಿಯ ಮಾಲೀಕರಿಗೆ ಅದನ್ನು ಆಗಾಗ ತೊಳೆಸುವ ಹವ್ಯಾಸವಿದೆ ಎಂದು ತಿಳಿದಾರೇ ಹೊರತು ಅದರಲ್ಲಿ ದೋಷವಿದೆ ಎಂದಲ್ಲ. ಮುಂದೆ ನಿಮ್ಮ ದೂರನ್ನು ತೂಗಿ ನೋಡುವ ಕಂಪನಿಯ ಪ್ರಾದೇಶಿಕ ಅಧಿಕಾರಿ, ವಕೀಲರು, ಗ್ರಾಹಕ ಆಯೋಗದ ಸದಸ್ಯರು ಎಲ್ಲರೂ ಹಾಗೆ ಕಾಗದವನ್ನು ಮಾತ್ರ ಓದುವವರು.

ಆದ್ದರಿಂದ ನಿಮ್ಮ ಮೂರು ಪ್ರಶ್ನೆಗಳಿಗೆ ಬರುವ ಮುನ್ನ ನೀವು ಕೇಳದ ಎರಡು ಸಂಗತಿಗಳನ್ನು ಹೇಳಬೇಕಾಗಿದೆ: ದೋಷ ಯಾವ ಭಾಗದ್ದೆಂದು ಗುರುತಿಸುವುದು ಹೇಗೆ, ಗುರುತಿಸಿದ್ದನ್ನು ಬರಹಕ್ಕೆ ಇಳಿಸುವುದು ಹೇಗೆ. ಇವೆರಡು ಆಗದೆ ‘ಕಾರು ಬದಲಾಯಿಸಿ’ ಎಂದು ಹೊರಟವರು ಸೋತದ್ದನ್ನು ತಾಂತ್ರಿಕ ವರದಿ ಬರೆದುಕೊಡುವ ಈ ಕೆಲಸದಲ್ಲಿ ಹಲವು ಬಾರಿ ಕಂಡಿದ್ದೇನೆ.

ಮೊದಲು ಪಿಕಪ್ಪಿನ ವಿಷಯ. ನೀವು ವರ್ಣಿಸಿದ್ದನ್ನು ವರ್ಕ್‌ಶಾಪಿನವರು ‘ಲಿಂಪ್ ಮೋಡ್’ ಎನ್ನುತ್ತಾರೆ. ಯಾವುದೋ ಸೆನ್ಸರ್ ಕೊಡುವ ಅಳತೆ ಮಿತಿ ಮೀರಿದಾಗ ಇಂಜಿನ್ನಿನ ಕಂಪ್ಯೂಟರ್ ಹಾನಿ ತಪ್ಪಿಸಲೆಂದು ತಾನಾಗಿಯೇ ಶಕ್ತಿಯನ್ನು ಕುಗ್ಗಿಸುತ್ತದೆ. ಬಂದ್ ಮಾಡಿ ಚಾಲೂ ಮಾಡಿದಾಗ ಹೊಸದಾಗಿ ಅಳೆಯಲು ತೊಡಗುವುದರಿಂದ ತಾತ್ಕಾಲಿಕವಾಗಿ ಸರಿಹೋದಂತೆ ಕಾಣುತ್ತದೆ. ಅಂದರೆ ಪಿಕಪ್ ಬೀಳುವುದು ರೋಗವಲ್ಲ, ರೋಗದ ಸೂಚನೆ. ಮೂಲ ಕಾರಣ ಹಲವು ಕಡೆ ಇರಬಹುದು: ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋಗೆ ಸೇರಿದ ಹೋಸ್ ಸಡಿಲಗೊಂಡಿರಬಹುದು, ಟರ್ಬೋ ನಿಯಂತ್ರಿಸುವ ಆಕ್ಚುಯೇಟರ್ ಸಿಕ್ಕಿಕೊಳ್ಳುತ್ತಿರಬಹುದು, ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನಲ್ಲಿ ನೀರು ಸೇರಿರಬಹುದು, ಅಥವಾ ಹೊಗೆಯ ಮಸಿ ಹಿಡಿಯುವ ಶೋಧಕವಾದ ಡಿಪಿಎಫ್ ಕಟ್ಟಿಕೊಂಡಿರಬಹುದು.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ‘ನೀವು ಓಡಿಸುವ ರೀತಿ’ ಎಂಬ ಉತ್ತರ ಹುಟ್ಟುವುದೇ ಇಲ್ಲಿಂದ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿ.ಎಸ್. 6 ಮಾನದಂಡ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಈ ಶೋಧಕ ಬಂದಿದೆ. ಮಸಿ ಒಂದು ಪ್ರಮಾಣಕ್ಕೆ ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಶೋಧಕದ ಬಿಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಇದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಹದದ ವೇಗದಲ್ಲಿ ಓಡುತ್ತಿರಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ಸೊಸೈಟಿಗೆ, ಅಲ್ಲಿಂದ ತೋಟಕ್ಕೆ ಎಂದು ಆರೇಳು ಕಿ.ಮೀ. ಓಡಿಸಿ ಬಂದ್ ಮಾಡುವವರ ಗಾಡಿಯಲ್ಲಿ ಈ ಸುಡುವ ಕೆಲಸ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ನಿಂತಾಗಲೆಲ್ಲ ಉರಿಯದೆ ಉಳಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಇಂಜಿನ್ ಆಯಿಲ್‌ಗೆ ಇಳಿಯುವುದೂ ಉಂಟು. ಡಿಪ್‌ಸ್ಟಿಕ್ ತೆಗೆದು ನೋಡಿ: ಆಯಿಲ್ ಮಟ್ಟ ತಿಂಗಳಿಂದ ತಿಂಗಳಿಗೆ ಇಳಿಯುವ ಬದಲು ಏರುತ್ತಿದ್ದರೆ ನಿಮ್ಮ ಗಾಡಿಯಲ್ಲಿ ಆಗುತ್ತಿರುವುದು ಇದೇ ಎಂಬ ಅನುಮಾನ ಬಲವಾಗುತ್ತದೆ.

ಹಾಗಾದರೆ ತಪ್ಪು ನಿಮ್ಮದೇ ಎಂದಾಯಿತೇ? ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬೇಡಿ. ಹುಬ್ಬಳ್ಳಿ ಕಡೆಗೆ ಅರ್ಧ ಗಂಟೆ ಎಡೆಬಿಡದೆ ಓಡಿಸಿದ ಮೇಲೆ ದೀಪ ಆರಿ, ಮುಂದಿನ ಹಲವು ವಾರ ತೊಂದರೆ ಬಾರದಿದ್ದರೆ ಅದು ಬಳಕೆಯ ಪ್ರಶ್ನೆ. ಅಂಥ ಓಟ ಆದ ಮರುದಿನವೇ ಘಟ್ಟದಲ್ಲಿ ಪಿಕಪ್ ಬಿದ್ದರೆ, ಮಸಿಯ ಲೆಕ್ಕ ಹೇಳುವ ಸೆನ್ಸರಿನಿಂದ ಹಿಡಿದು ಟರ್ಬೋವರೆಗೆ ಯಾವುದೋ ಭಾಗ ಕೆಟ್ಟಿದೆ. ಇನ್ನೊಂದು ಮಾತು. ದಿನಕ್ಕೆ ಆರೇಳು ಕಿ.ಮೀ. ಓಡಿಸುವವರಿಗೆ ಡೀಸೆಲ್ ಗಾಡಿ ಹೊಂದುವುದಿಲ್ಲ ಎಂದು ಮಾರುವ ದಿನ ಒಬ್ಬರೂ ಹೇಳುವುದಿಲ್ಲ, ಕೆಟ್ಟ ದಿನ ಎಲ್ಲರೂ ಹೇಳುತ್ತಾರೆ.

ಊಹೆಯ ಅಗತ್ಯವಿಲ್ಲದಂತೆ ಇದನ್ನು ನಿರ್ಧರಿಸಲು ಗಾಡಿಯೊಳಗೇ ಸಾಕ್ಷಿ ಇದೆ. ದೀಪ ಹೊತ್ತಿದ ಕ್ಷಣದಲ್ಲಿ ಕಂಪ್ಯೂಟರ್ ಒಂದು ದೋಷ ಸಂಕೇತವನ್ನೂ, ಆಗಿನ ವೇಗ, ಇಂಜಿನ್ ಸುತ್ತು, ಉಷ್ಣತೆ, ಹೊರೆ ಮುಂತಾದ ಅಳತೆಗಳ ಒಂದು ಚಿತ್ರವನ್ನೂ ದಾಖಲಿಸಿಕೊಳ್ಳುತ್ತದೆ; ಇದನ್ನು ‘ಫ್ರೀಜ್ ಫ್ರೇಮ್’ ಎನ್ನುತ್ತಾರೆ. ಸಂಕೇತ ಪಿ2463 ಎಂದಿದ್ದರೆ ಡಿಪಿಎಫ್‌ನಲ್ಲಿ ಮಸಿ ತುಂಬಿದೆ ಎಂದರ್ಥ. ಪಿ0299 ಎಂದಿದ್ದರೆ ಟರ್ಬೋ ಬೇಕಾದಷ್ಟು ಒತ್ತಡ ಕೊಡುತ್ತಿಲ್ಲ. ಪಿ0087 ಎಂದಿದ್ದರೆ ಡೀಸೆಲ್ಲಿನ ಒತ್ತಡ ಸಾಲುತ್ತಿಲ್ಲ. ಕೊನೆಯ ಎರಡರಲ್ಲಿ ಒಂದು ಬಂದರೆ ‘ಪೇಟೆ ಓಡಾಟ’ದ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಗಾಡಿ ಒಳಗೆ ಬಂದ ಕೂಡಲೇ ಸ್ಕ್ಯಾನರ್ ಚುಚ್ಚಿ, ಸಂಕೇತ ಅಳಿಸಿ, ‘ಈಗ ಏನೂ ತೋರಿಸುತ್ತಿಲ್ಲ ಸರ್’ ಎನ್ನುವುದು ಹಲವು ವರ್ಕ್‌ಶಾಪುಗಳ ರೂಢಿ. ಅಳಿಸಿದರೆ ಆ ಚಿತ್ರವೂ ಅಳಿಯುತ್ತದೆ. ಬ್ಯಾಟರಿಯ ತಂತಿ ಬಿಚ್ಚಿದರೂ ಹಾಗೆಯೇ ಆಗಬಹುದು. ಆದ್ದರಿಂದ ‘ಸಂಕೇತಗಳನ್ನು ಅಳಿಸುವ ಮುನ್ನ ಸ್ಕ್ಯಾನ್ ವರದಿಯ ಮುದ್ರಿತ ಪ್ರತಿಯನ್ನು ಫ್ರೀಜ್ ಫ್ರೇಮ್ ಸಹಿತ ನನಗೆ ಕೊಡಬೇಕು’ ಎಂದು ಮುಂದಿನ ಜಾಬ್ ಕಾರ್ಡಿನ ಮೊದಲ ಸಾಲಿನಲ್ಲೇ ಬರೆಸಿ. ಈ ಸಂಕೇತಗಳನ್ನು ಓದುವ ನಿಮ್ಮದೇ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಕಡಿಮೆ ಬೆಲೆಯದೇ ಸಾಕು, ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದಿಕೊಳ್ಳಬಹುದು. ಓದಿ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅಳಿಸುವ ಗುಂಡಿಯನ್ನು ಮಾತ್ರ ಮುಟ್ಟಬೇಡಿ.

ನಡುಕದ ವಿಷಯ ಇಷ್ಟು ತೊಡಕಿನದಲ್ಲ. ಸಮತಟ್ಟಾದ ಖಾಲಿ ರಸ್ತೆಯಲ್ಲಿ 65ರ ವೇಗವನ್ನು ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ನಾಲ್ಕನೆಯದರಲ್ಲಿ ಕಾಯ್ದುಕೊಂಡು ನೋಡಿ. ಗೇರ್ ಬದಲಾದಾಗ ನಡುಕವೂ ಬದಲಾದರೆ ಅದು ಇಂಜಿನ್ನಿನ ಸುತ್ತಿಗೆ ಸಂಬಂಧಿಸಿದ್ದು. ಇಂಜಿನ್ನನ್ನು ಹಿಡಿದಿಡುವ ಮೌಂಟಿಂಗ್ ಕಡೆ ನೋಡಬೇಕು. ಗೇರ್ ಯಾವುದಿದ್ದರೂ ಅದೇ ವೇಗದಲ್ಲಿ ಅದೇ ನಡುಕವಿದ್ದರೆ ಚಕ್ರ ಅಥವಾ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್. ಎಕ್ಸಲರೇಟರ್ ಬಿಟ್ಟ ಕೂಡಲೇ ನಿಲ್ಲುತ್ತದೆ ಎಂದು ನೀವು ಬರೆದಿರುವುದರಿಂದ ನನ್ನ ಅನುಮಾನ ಶಾಫ್ಟಿನ ಒಳತುದಿಯ ಮಡಚುವ ಕೀಲಾದ ಸಿ.ವಿ. ಜಾಯಿಂಟಿನ ಮೇಲೆ. ಅದು ಹೌದಾದರೆ ಒಂದು ದಿನದ ಕೆಲಸ, ವಾರಂಟಿಯಲ್ಲಿ ಪುಕ್ಕಟೆ. ಅದಕ್ಕಾಗಿ ಯಾರೂ ಕಾರು ಬದಲಾಯಿಸಿಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಇಂಥ ಸಣ್ಣ ಪರೀಕ್ಷೆಗಳನ್ನು ತಾತ್ಸಾರ ಮಾಡಬಾರದೆಂದು ನನಗೆ ಕಲಿಸಿದ ಪ್ರಕರಣ ಒಂದಿದೆ. ಕಾರು ಸದಾ ಎಡಕ್ಕೆ ಎಳೆಯುತ್ತದೆ, ಷಾಸಿಯೇ (ಗಾಡಿಯ ಅಡಿಯ ಚೌಕಟ್ಟು) ಸೊಟ್ಟಗಿದೆ ಎಂದು ಒಬ್ಬರು ಒಂದು ವರ್ಷಕ್ಕೂ ಹೆಚ್ಚು ಕಾಲ ಡೀಲರ್ ಜೊತೆ ಹೋರಾಡಿದ್ದರು. ಅಲೈನ್‌ಮೆಂಟ್ ಏಳೋ ಎಂಟೋ ಸಲ ಆಗಿತ್ತು, ಮಾತು ಮುರಿದಿತ್ತು, ನೋಟಿಸು ಹೋಗಿತ್ತು. ಪರಿಶೀಲನೆಗೆ ಹೋದ ದಿನ ನಾನು ಮಾಡಿದ್ದು ಇಷ್ಟೇ: ಮುಂದಿನ ಎಡ ಚಕ್ರವನ್ನು ಬಲಕ್ಕೆ, ಬಲ ಚಕ್ರವನ್ನು ಎಡಕ್ಕೆ ಹಾಕಿಸಿದೆ. ಕಾರು ಬಲಕ್ಕೆ ಎಳೆಯತೊಡಗಿತು. ದೋಷ ಒಂದು ಟೈರಿನದು. ಆ ವರ್ಕ್‌ಶಾಪಿನಲ್ಲಿ ಯಾರೊಬ್ಬರೂ ಅದನ್ನು ಮಾಡಿ ನೋಡಿರಲಿಲ್ಲ ಎಂಬುದು ಅವರಿಗೆ ಶೋಭೆ ತರುವ ಸಂಗತಿಯಲ್ಲ. ಆದರೆ ‘ಷಾಸಿ ಸೊಟ್ಟ’ ಎಂದು ನೋಟಿಸಿನಲ್ಲಿ ಬರೆಸಿಕೊಂಡಿದ್ದ ಮಾಲೀಕರ ಬೇಡಿಕೆಯೂ ಅಲ್ಲಿಗೇ ಕುಸಿಯಿತು. ದೂರಿನಲ್ಲಿ ಲಕ್ಷಣವನ್ನು ಹೇಳಬೇಕು, ಕಾರಣವನ್ನಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ‘ಟರ್ಬೋ ಕೆಟ್ಟಿದೆ’ ಎಂದು ನೀವು ಬರೆಸಿ, ಟರ್ಬೋ ಸರಿಯಿದೆ ಎಂದಾದರೆ ನಿಮ್ಮ ದೂರೇ ಸುಳ್ಳೆಂದು ದಾಖಲಾಗುತ್ತದೆ. ‘ಇಂಥ ತಾರೀಕು, ಇಷ್ಟು ಕಿ.ಮೀ. ಆದಾಗ, ಇಂಥ ಏರಿನಲ್ಲಿ, ಮೂವರು ಕುಳಿತಿದ್ದಾಗ, ಮೂರನೇ ಗೇರಿನಲ್ಲಿ 45ರ ವೇಗದಲ್ಲಿ ಇಂಜಿನ್ ದೀಪ ಹೊತ್ತಿ ಎಳೆತ ನಿಂತಿತು’ ಎಂಬ ವಾಕ್ಯವನ್ನು ಯಾರೂ ಸುಳ್ಳು ಮಾಡಲಾರರು.

ಈ ವಾಕ್ಯ ಜಾಬ್ ಕಾರ್ಡಿಗೆ ಹೋಗುವಂತೆ ನೋಡಿಕೊಳ್ಳುವುದೇ ನಿಜವಾದ ಹೋರಾಟ. ಸರ್ವಿಸ್ ಅಡ್ವೈಸರ್ ಟ್ಯಾಬಿನಲ್ಲಿ ಸಿದ್ಧವಾಗಿರುವ ಪದಗಳಲ್ಲೊಂದನ್ನು ಒತ್ತಿ ನಿಮ್ಮಿಂದ ಸಹಿ ಕೇಳುತ್ತಾರೆ. ನೀವು ಹೇಳಿದ್ದು ಅದರಲ್ಲಿ ಇದೆಯೇ ಎಂದು ಓದದೆ ಸಹಿ ಹಾಕಬೇಡಿ. ಅವರು ಬರೆಯಲು ಒಪ್ಪದಿದ್ದರೆ ಜಗಳ ಬೇಡ. ಅಲ್ಲೇ ನಿಂತು ಅದೇ ವಾಕ್ಯಗಳನ್ನು ಡೀಲರ್ ಮತ್ತು ಕಂಪನಿಯ ಗ್ರಾಹಕ ಸೇವಾ ವಿಭಾಗ ಎರಡಕ್ಕೂ ಇಮೇಲ್ ಮಾಡಿ, ಜಾಬ್ ಕಾರ್ಡಿನ ನಂಬರನ್ನು ಅದರಲ್ಲಿ ನಮೂದಿಸಿ. ಫೋನಿನಲ್ಲಿ ನಡೆದ ಮಾತುಕತೆಯನ್ನೂ ‘ಇಂದು ಬೆಳಿಗ್ಗೆ ತಾವು ತಿಳಿಸಿದಂತೆ’ ಎಂದು ಅದೇ ದಿನ ಮೇಲ್‌ಗೆ ಇಳಿಸಿಬಿಡಿ; ಅವರು ಅಲ್ಲಗಳೆಯದಿದ್ದರೆ ಮುಂದೆ ಅದಕ್ಕೊಂದು ತೂಕ ಬರುತ್ತದೆ. ಗಾಡಿ ಬಿಡಿಸಿಕೊಳ್ಳುವಾಗ ‘ಕೆಲಸ ತೃಪ್ತಿಕರವಾಗಿದೆ’ ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಘಟ್ಟದಲ್ಲಿ ಕಾಣಿಸುವ ದೋಷ ಸರಿಹೋಗಿದೆಯೇ ಎಂದು ಹುಬ್ಬಳ್ಳಿಯ ವರ್ಕ್‌ಶಾಪಿನ ಅಂಗಳದಲ್ಲಿ ನಿಂತು ಹೇಳಲು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ‘ಏರು ರಸ್ತೆಯಲ್ಲಿ ಪರೀಕ್ಷಿಸಿದ ನಂತರ ತಿಳಿಸುತ್ತೇನೆ’ ಎಂದು ಕೈಬರಹದಲ್ಲಿ ಬರೆದು ಸಹಿ ಮಾಡಿ.

ಇದಕ್ಕಿಂತ ಉತ್ತಮವಾದದ್ದು ತಂತ್ರಜ್ಞರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟ ಹತ್ತುವುದು. ಸ್ಕ್ಯಾನರ್ ಸಿಕ್ಕಿಸಿಕೊಂಡೇ ಓಡಿಸಿ ಅಂಕಿಗಳನ್ನು ದಾಖಲಿಸುವ ಸೌಲಭ್ಯ ಕಂಪನಿಗಳ ವರ್ಕ್‌ಶಾಪುಗಳಲ್ಲಿ ಇದೆ. ಇದನ್ನು ಬರಹದಲ್ಲಿ ಕೇಳಿ. ಕೇಳಿದ್ದಕ್ಕೆ ‘ಅಷ್ಟು ದೂರ ಬರಲಾಗದು’ ಎಂದು ಉತ್ತರ ಬಂದರೆ ಆ ಉತ್ತರವೂ ನಿಮ್ಮ ಕಡತಕ್ಕೆ ಸೇರಲಿ. ಡೀಲರ್ ಮಟ್ಟದಲ್ಲಿ ಎರಡು ಸಲ ಪ್ರಯತ್ನಿಸಿಯೂ ಅದೇ ದೋಷ ಮರುಕಳಿಸಿದರೆ ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಸಮ್ಮುಖದಲ್ಲಿ ಜಂಟಿ ತಪಾಸಣೆಗೆ ಒತ್ತಾಯಿಸಿ. ವಾರಂಟಿಯಲ್ಲಿ ದೊಡ್ಡ ಭಾಗಗಳನ್ನು ಬದಲಿಸಲು ಒಪ್ಪಿಗೆ ಕೊಡುವವರು ಅವರು. ಕೌಂಟರಿನಲ್ಲಿ ಕುಳಿತ ಅಡ್ವೈಸರ್ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಅವರ ಕೈಯಲ್ಲಿ ಏನೂ ಇರುವುದಿಲ್ಲ. ಜೊತೆಗೆ ನಿಮ್ಮ ಷಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಯಾವುದಾದರೂ ರೀಕಾಲ್ ಇದೆಯೇ ಎಂದು ನೋಡಿ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿದ ಮೇಲೆ ಸುರಕ್ಷತೆಗೆ ಧಕ್ಕೆ ತರುವ ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದಿದೆ. ನಡು ಘಟ್ಟದಲ್ಲಿ ಶಕ್ತಿ ಕಳೆದುಕೊಳ್ಳುವುದು ಸುರಕ್ಷತೆಯ ವಿಷಯವೇ ಆದ್ದರಿಂದ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲಿನಲ್ಲಿ ದೂರು ದಾಖಲಿಸುವುದರಲ್ಲಿ ತಪ್ಪಿಲ್ಲ. ಆದರೆ ಅದು ನಿಮ್ಮೊಬ್ಬರ ಕಾರಿಗೆ ಪರಿಹಾರ ಕೊಡುವ ದಾರಿಯಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ನಾನು ವಕೀಲನಲ್ಲ, ಇಂಜಿನಿಯರ್. ಆಯೋಗಗಳ ಮುಂದೆ ವರದಿ ಸಲ್ಲಿಸುತ್ತ ಕಲಿತದ್ದನ್ನು ಹೇಳುತ್ತೇನೆ. ಅಮೆರಿಕದ ರಾಜ್ಯಗಳಲ್ಲಿ ‘ಲೆಮನ್ ಲಾ’ ಎಂಬ ಕಾನೂನುಗಳಿವೆ: ನಿಗದಿತ ಅವಧಿಯೊಳಗೆ ಇಷ್ಟು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ಕಾರನ್ನು ಬದಲಿಸಿಕೊಡಬೇಕು ಅಥವಾ ಹಣ ಹಿಂತಿರುಗಿಸಬೇಕು ಎಂದು ಅವು ಲೆಕ್ಕ ಹಾಕಿಯೇ ಹೇಳುತ್ತವೆ. ಭಾರತದಲ್ಲಿ ಅಂಥ ಕಾನೂನು ಇಲ್ಲ. ಐದು ಸಲ ಒಯ್ದಿದ್ದೇನೆ ಎಂಬ ಕಾರಣಕ್ಕೇ ಹೊಸ ಕಾರು ಸಿಗುವ ಹಕ್ಕು ಹುಟ್ಟುವುದಿಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಸಂಸ್ಥೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಪತ್ರ ದೋಷಯುಕ್ತ ಭಾಗದ ರಿಪೇರಿ ಅಥವಾ ಬದಲಾವಣೆಯನ್ನು ಮಾತ್ರ ಒಪ್ಪಿಕೊಂಡಿರುವಾಗ ಇಡೀ ವಾಹನವನ್ನು ಬದಲಿಸುವಂತೆ ಆದೇಶಿಸುವುದು ಸರಿಯಲ್ಲ ಎಂದಿತು. ಕಂಪನಿಗಳ ವಕೀಲರು ಇಂದಿಗೂ ಮೊದಲು ಎತ್ತಿ ತೋರಿಸುವುದು ಈ ತೀರ್ಪನ್ನೇ. ಆದರೆ 2010ರಲ್ಲಿ ಫಿಯಟ್ ಇಂಡಿಯಾ ಸಂಸ್ಥೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸ್ವತಂತ್ರ ತಾಂತ್ರಿಕ ತಜ್ಞರು ಪರೀಕ್ಷಿಸಿ ವಾಹನದಲ್ಲಿ ಅಂತರ್ಗತ ತಯಾರಿಕಾ ದೋಷವಿದೆ ಎಂದು ಅಭಿಪ್ರಾಯಪಟ್ಟರೆ ಗ್ರಾಹಕರಿಗೆ ಕಾರಿನ ಬೆಲೆಯನ್ನೂ ಕಟ್ಟಿದ ಆಜೀವ ತೆರಿಗೆಯನ್ನೂ ಬಡ್ಡಿ ಸಹಿತ ಹಿಂತಿರುಗಿಸಬೇಕೆಂದು ನಿರ್ದೇಶಿಸಿತು. ಎರಡನ್ನೂ ಜೊತೆಗಿಟ್ಟು ಓದಿದಾಗ ನನಗೆ ತೋರುವುದು, ಬಾಗಿಲು ಮುಚ್ಚಿಲ್ಲ, ಆದರೆ ಅದರ ಬೀಗದ ಕೈ ತಜ್ಞರ ವರದಿಯಲ್ಲಿದೆ.

ಹಾಗಾಗಿ ದೂರಿನಲ್ಲಿ ಒಂದೇ ಬೇಡಿಕೆಯನ್ನು ಹಿಡಿದು ಕೂರಬೇಡಿ. ತಯಾರಿಕಾ ದೋಷವನ್ನು ಸಾಬೀತುಪಡಿಸುವ ಹೊರೆ ನಿಮ್ಮದು, ಅದು ಭಾರವಾದದ್ದು. ಸೇವಾ ನ್ಯೂನತೆಯ ವಿಷಯ ಹಾಗಲ್ಲ: ಒಂದೇ ದೂರಿಗೆ ಐದು ಸಲ ಗಾಡಿ ತೆಗೆದುಕೊಂಡು ಕಾರಣವನ್ನೇ ಕಂಡುಹಿಡಿಯದೆ ವಾಪಸ್ ಕಳಿಸಿದ್ದು ಜಾಬ್ ಕಾರ್ಡುಗಳಿಂದಲೇ ಕಾಣುತ್ತದೆ, ಕಾರ್ಡುಗಳಲ್ಲಿ ದೂರು ಬರೆದಿದ್ದರೆ. ನನ್ನನ್ನು ಕೇಳಿದರೆ ಮೊದಲಿಗೆ ಕಾರು ಬದಲಾವಣೆ ಅಥವಾ ಬೆಲೆ ವಾಪಸ್, ಅದು ಆಗದಿದ್ದರೆ ದೋಷಯುಕ್ತ ಭಾಗ ಬದಲಿಸಿ ವಾರಂಟಿಯನ್ನು ವಿಸ್ತರಿಸುವುದು, ಎರಡರಲ್ಲಿ ಯಾವುದಾದರೂ ಸೇವಾ ನ್ಯೂನತೆಗೆ ಪರಿಹಾರ ಮತ್ತು ಓಡಾಟದ ಖರ್ಚು ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುವುದೇ ಜಾಣತನ. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿರುವ ‘ಉತ್ಪನ್ನ ಹೊಣೆಗಾರಿಕೆ’ಯ ಅಧ್ಯಾಯವನ್ನು ತೋರಿಸಿ ದೊಡ್ಡ ಮೊತ್ತ ಕೇಳೋಣ ಎಂದು ಯಾರಾದರೂ ಸಲಹೆ ಕೊಟ್ಟಾರು, ಆ ಅಧ್ಯಾಯ ಉತ್ಪನ್ನದಿಂದ ವ್ಯಕ್ತಿಗೆ ಅಥವಾ ಬೇರೆ ಆಸ್ತಿಗೆ ಆದ ಹಾನಿಗೆ ಸಂಬಂಧಿಸಿದ್ದು, ಉತ್ಪನ್ನ ತಾನೇ ಕೆಟ್ಟದ್ದಕ್ಕಲ್ಲ.

ಆಯೋಗಕ್ಕೆ ಹೋಗುವ ಮುನ್ನ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅದಕ್ಕೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಆದರೂ ದೂರು ನೇರವಾಗಿ ಕಂಪನಿಯ ಮುಖ್ಯ ಕಚೇರಿಯನ್ನು ತಲುಪುವುದರಿಂದ ಹುಬ್ಬಳ್ಳಿಯಲ್ಲಿ ಅಲುಗಾಡದ ಕಡತ ಎಷ್ಟೋ ಸಲ ಅಲುಗಾಡುತ್ತದೆ. ಆಗಲೂ ಫಲ ಕಾಣದಿದ್ದರೆ ಡೀಲರ್ ಮತ್ತು ತಯಾರಕರು ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ, ಉತ್ತರಕ್ಕೆ 15 ದಿನ ಕೊಡಿ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು ಮುಖ್ಯ. ಟಾಟಾ ಮೋಟಾರ್ಸ್ ಸಂಸ್ಥೆಗೆ ಸಂಬಂಧಿಸಿದ 2021ರ ತೀರ್ಪೊಂದರಲ್ಲಿ, ಹಳೆಯ ವರ್ಷದ ಕಾರನ್ನು ಹೊಸದೆಂದು ಮಾರಿದ ಡೀಲರ್‌ನ ತಪ್ಪಿಗೆ, ಅದರ ಅರಿವಿದ್ದುದು ಸಾಬೀತಾಗದ ಹೊರತು, ತಯಾರಕರನ್ನು ಹೊಣೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಯಾರ ತಪ್ಪು ಯಾವುದು ಎಂಬುದನ್ನು ದೂರಿನಲ್ಲೇ ಬೇರ್ಪಡಿಸಿ ಹೇಳಬೇಕು: ದೋಷಯುಕ್ತ ಭಾಗ ಹಾಕಿದ್ದು ಒಬ್ಬರು, ಅದನ್ನು ಪತ್ತೆ ಹಚ್ಚದೆ ಕಳಿಸಿದ್ದು ಇನ್ನೊಬ್ಬರು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು; ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ನಿಮಗೆ ಅದು ಕಾರವಾರ. ಕಾರು ಕೊಂಡದ್ದು ಹುಬ್ಬಳ್ಳಿಯಲ್ಲಾದ್ದರಿಂದ ಧಾರವಾಡದಲ್ಲೂ ಸಲ್ಲಿಸಬಹುದು, ಶಿರಸಿಯವರಿಗೆ ಘಟ್ಟ ಇಳಿಯುವ ತಾಪತ್ರಯ ತಪ್ಪುತ್ತದೆ ಎಂಬುದನ್ನು ಪರಿಗಣಿಸಿ. ಆನ್‌ಲೈನಿನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅರ್ಜಿ ಹಾಕಿಕೊಳ್ಳಬಹುದು. 10ರಿಂದ 20 ಲಕ್ಷ ರೂಪಾಯಿಯ ಖರೀದಿಗೆ ಶುಲ್ಕ 400 ರೂಪಾಯಿ. ದೋಷ ಪರೀಕ್ಷೆಯಿಂದಷ್ಟೇ ತಿಳಿಯುವಂಥದ್ದಾದರೆ 38ನೇ ಕಲಮಿನ ಪ್ರಕಾರ ಸೂಕ್ತ ಪರೀಕ್ಷೆಗೆ ಒಪ್ಪಿಸುವಂತೆ ಆರಂಭದಲ್ಲೇ ಅರ್ಜಿ ಕೊಡಿ. ಅದರ ವೆಚ್ಚವನ್ನು ಮೊದಲು ನೀವೇ ಕಟ್ಟಬೇಕಾಗಬಹುದು. ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕರನ್ನೋ ಸಾರಿಗೆ ಇಲಾಖೆಯ ನಿರೀಕ್ಷಕರನ್ನೋ ಆಯೋಗ ನೇಮಿಸುವುದುಂಟು. ಎಲ್ಲವೂ ಮುಗಿದ ಮೇಲೆ, ವಾದದ ಹಂತದಲ್ಲಿ ತಜ್ಞರನ್ನು ಕೇಳಿದವರ ಪ್ರಕರಣಗಳು ಸಾಕ್ಷ್ಯವಿಲ್ಲವೆಂದು ಬಿದ್ದುಹೋಗುವುದನ್ನು ನೋಡಿದ್ದೇನೆ.

ಪರೀಕ್ಷೆ ಬೇಕಾದ ದೂರುಗಳನ್ನು ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಾನು ವರದಿ ಕೊಟ್ಟ ಯಾವ ಪ್ರಕರಣವೂ ಅಷ್ಟರಲ್ಲಿ ಮುಗಿದಿಲ್ಲ. ವರ್ಷಗಟ್ಟಲೆ ಎಳೆಯುವ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಿ, ನಡುವೆ ಕಂಪನಿ ವಾರಂಟಿ ವಿಸ್ತರಣೆಯೊಂದಿಗೆ ಭಾಗ ಬದಲಿಸುವ ರಾಜಿಗೆ ಬಂದರೆ ಹಟಕ್ಕೆ ಬಿದ್ದು ತಳ್ಳಿಹಾಕಬೇಡಿ. ದೂರು ಸಲ್ಲಿಸಲು ಇರುವ ಕಾಲಮಿತಿ ಎರಡು ವರ್ಷ. ದೋಷ ಮೊದಲು ಕಾಣಿಸಿದ ದಿನದಿಂದಲೇ ಅದನ್ನು ಎಣಿಸಿಕೊಳ್ಳುವುದು ಕ್ಷೇಮ. ‘ಮುಂದಿನ ಸರ್ವಿಸಿನಲ್ಲಿ ನೋಡೋಣ’ ಎಂಬ ಮಾತಿನಲ್ಲೇ ಅದು ಸದ್ದಿಲ್ಲದೆ ಸವೆದುಹೋಗುತ್ತದೆ.

ಈ ಅವಧಿಯಲ್ಲಿ ಹೊರಗಿನ ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಿಸಬೇಡಿ, ವಯರಿಂಗ್ ಕತ್ತರಿಸಿ ಹೆಚ್ಚುವರಿ ಲೈಟು, ಹಾರ್ನು ಹಾಕಿಸಬೇಡಿ. ಮೊದಲೇ ಹಾಕಿಸಿದ್ದರೆ ಈಗಲೇ ಹೇಳಿಬಿಡಿ, ಅವರು ಕಂಡುಹಿಡಿದೇ ಹಿಡಿಯುತ್ತಾರೆ. ಡಿಪಿಎಫ್ ತೆಗೆಸಿಬಿಡಿ, ಎಲ್ಲ ಸರಿಯಾಗುತ್ತದೆ ಎನ್ನುವವರೂ ಊರಿಗೊಬ್ಬರಿದ್ದಾರೆ. ಅದು ಕಾನೂನುಬಾಹಿರ, ವಾರಂಟಿಯೂ ಅಲ್ಲಿಗೇ ಮುಗಿಯುತ್ತದೆ. ನಿಗದಿತ ಸರ್ವಿಸುಗಳನ್ನು ಸಿಟ್ಟಿನಿಂದ ತಪ್ಪಿಸಬೇಡಿ. ಸಾಮಾಜಿಕ ಜಾಲತಾಣದಲ್ಲಿ ಬರೆಯುವುದಾದರೆ ತಾರೀಕು ಮತ್ತು ನಡೆದ ಸಂಗತಿಗಳಿಗೆ ಸೀಮಿತವಾಗಿರಿ; ‘ಮೋಸಗಾರರು’ ಎಂಬ ಒಂದು ಪದ ಮಾನನಷ್ಟದ ಮರುನೋಟಿಸಿಗೆ ದಾರಿಯಾದೀತು. ಕಾರಿಗೆ ಕತ್ತೆ ಕಟ್ಟಿ ಶೋರೂಮಿಗೆ ಎಳೆಸುವ ಮೆರವಣಿಗೆಗಳಿಂದ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅದಕ್ಕಿಂತ ಹೆಚ್ಚಿನದು ಬಂದದ್ದನ್ನು ನಾನು ಕಂಡಿಲ್ಲ.

ಕಂತಿನ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟ: ನಿಲ್ಲಿಸಬೇಡಿ. ಬ್ಯಾಂಕು ನಿಮಗೆ ಕೊಟ್ಟದ್ದು ಸಾಲ, ಕಾರಲ್ಲ. ಕಾರಿನ ದೋಷ ಅವರಿಗೆ ಸಂಬಂಧಿಸಿದ್ದಲ್ಲ. ಕಂತು ತಪ್ಪಿದರೆ ದಂಡದ ಜೊತೆಗೆ ನಿಮ್ಮ ಸಿಬಿಲ್ ಅಂಕ ಇಳಿಯುತ್ತದೆ, ಮುಂದೆ ಬೆಳೆಸಾಲಕ್ಕೂ ತೊಡಕಾದೀತು. ಕಾರನ್ನೇ ವಶಪಡಿಸಿಕೊಂಡರಂತೂ ತಜ್ಞರಿಗೆ ತೋರಿಸಲು ನಿಮ್ಮ ಬಳಿ ಸಾಕ್ಷಿಯೇ ಉಳಿಯುವುದಿಲ್ಲ. ಕಟ್ಟಿದ ಬಡ್ಡಿಯನ್ನು ಪರಿಹಾರದ ಲೆಕ್ಕದಲ್ಲಿ ಕೇಳಿ.

ಇನ್ನು ಕುಮಟಾ ಪ್ರಯಾಣ. ದೀಪ ಈಗ ಆರಿದ್ದು, ಈ ವಾರದೊಳಗೆ ಸ್ಕ್ಯಾನ್ ಮಾಡಿಸಿ ಹೊಸ ಸಂಕೇತ ಯಾವುದೂ ಇಲ್ಲ ಎಂದಾದರೆ ಹಗಲಿನಲ್ಲಿ ಹೋಗಿ ಬರಬಹುದು. ಇಳಿಯುವಾಗ ಇಂಜಿನ್ನಿನ ಮೇಲೆ ಹೊರೆ ಬೀಳದ ಕಾರಣ ಎಳೆತದ ತೊಂದರೆ ಸಾಮಾನ್ಯವಾಗಿ ಹಿಂತಿರುಗುವ ಏರಿನಲ್ಲೇ ಬರುತ್ತದೆ. ಏರಿನಲ್ಲಿ ಓವರ್‌ಟೇಕ್ ಮಾಡಬೇಡಿ. ಸಂಕೇತವಿದ್ದರೆ ಅಮ್ಮನನ್ನು ಬೇರೆ ಗಾಡಿಯಲ್ಲಿ ಕರೆದೊಯ್ಯಿರಿ, ಆ ಬಾಡಿಗೆಯ ರಸೀದಿಯನ್ನು ಕಡತದಲ್ಲಿಡಿ. ದಾರಿಯಲ್ಲಿ ಎಳೆತ ನಿಂತರೆ ಹಜಾರ್ಡ್ ದೀಪ ಹಾಕಿ ಎಡಕ್ಕೆ ತೆಗೆದುಕೊಂಡು, ಅಗಲವಾದ ಜಾಗದಲ್ಲಿ ನಿಂತು, ಕೀಲಿ ತಿರುಗಿಸಿ ಬಂದ್ ಮಾಡುವ ಮುನ್ನ ಡ್ಯಾಶ್‌ಬೋರ್ಡಿನ ಫೋಟೊ ತೆಗೆಯಿರಿ: ಹೊತ್ತಿರುವ ದೀಪ, ಓಡಿದ ಕಿ.ಮೀ. ಮತ್ತು ಗಡಿಯಾರ ಮೂರೂ ಒಂದೇ ಚಿತ್ರದಲ್ಲಿ ಕಾಣುವಂತೆ.